ಕ್ಯಾಮೆರಾ ಯಾವುದು ತಗೊಳ್ಳುವ ಅಂತ ಕೇಳಿದ್ಯಲ್ಲ ಮಾರಾಯ

ಮಾರಾಯ,

ಒಂದೇ ಸಾಲಲ್ಲಿ ಹೇಳು ಅಂದಿದ್ದೆ, ಆಗೋದಿಲ್ಲ. ವಾಟ್ಸಾಪಲ್ಲಿ ಉದ್ದ ಬರೆದ್ರೆ ನೀನು ಒಂದು ಹೆಬ್ಬೆರಳು ಹಾಕಿ ಮಲಗ್ತೀಯ, ಅದಕ್ಕೇ ಇಲ್ಲಿ ನಾಲ್ಕು ಜನರ ಎದುರು ಹಾಕ್ತಾ ಇದ್ದೇನೆ, ಈಗ ಓದದೆ ಎಲ್ಲಿಗೆ ಹೋಗ್ತೀ ನೋಡುವ. ಉಳಿದವರಲ್ಲಿ ಒಂದು ವಿನಂತಿ, ನಡುವೆ ಕೊಡೆ, ಭಟ್ರ ಟಾರ್ಚು ಅಂತೆಲ್ಲ ಬಂದ್ರೆ ಎಂತದು ಅಂತ ಕೇಳ್ಬೇಡಿ.

ನಿನ್ನ ಬೇಡಿಕೆ ಹೀಗುಂಟು: ಜೇಬಲ್ಲಿ ಹಿಡೀಬೇಕು, ಝೂಮ್ ಬೇಕು, ಮಳೆಗೂ ಆಗ್ಬೇಕು, ರಾತ್ರಿ ಯಕ್ಷಗಾನ ಆಟದ ಫೋಟೊನೂ ಚಂದ ಬರ್ಬೇಕು, ಮನೆಯಲ್ಲಿ ರೇಟ್ ಗೊತ್ತಾಗ್ಬಾರ್ದು. ಇಷ್ಟೂ ಇರೋ ಕ್ಯಾಮೆರಾ ಈವರೆಗೆ ಯಾರೂ ಮಾಡಿಲ್ಲ. ಕೊನೇದು ಭಟ್ರ ಟಾರ್ಚಿಗೂ ಸಾಧ್ಯ ಇಲ್ಲ.

ಝೂಮೇ ಮುಖ್ಯ ಅಂದ್ರೆ ಸೋನಿ ಆರ್‌ಎಕ್ಸ್100 ಮಾರ್ಕ್ 7. 2019ರದ್ದು, ತೂಕ 302 ಗ್ರಾಂ, 24ರಿಂದ 200 ಮಿ.ಮೀ. ವರೆಗೆ ಹೋಗ್ತದೆ (ಈ ಅಂಕೆ ಸಣ್ಣದಿದ್ರೆ ಅಗಲ ಕಾಣ್ತದೆ, ದೊಡ್ಡದಿದ್ರೆ ದೂರದ್ದು ಹತ್ತಿರ ಬರ್ತದೆ), ಅಷ್ಟು ಚಿಕ್ಕ ಡಬ್ಬಿಯಲ್ಲಿ ಇದು ದೊಡ್ಡ ವಿಷಯವೇ. ಆದ್ರೆ ಒಳಗೆ ಬೆಳಕು ಹಿಡಿಯೋ ಸೆನ್ಸರ್ 13.2 ಮಿ.ಮೀ. ಅಗಲ, 8.8 ಎತ್ತರ ಅಷ್ಟೆ, ಝೂಮ್ ಪೂರ್ತಿ ಎಳೆದ್ರೆ ಲೆನ್ಸು ಎಫ್ 4.5ಕ್ಕೆ ಬಂದು ಕೂತ್ಕೊಳ್ತದೆ, ಎಫ್ ಅಂಕೆ ಏರಿದಷ್ಟೂ ಒಳಗೆ ಬರೋ ಬೆಳಕು ಕಮ್ಮಿ. ಹಗಲು ಗೋವಾ, ಹಂಪಿ ಅಂತ ತಿರುಗ್ಲಿಕ್ಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ನಡುರಾತ್ರಿ ವೇಷದವ ದಿಗಿಣ ಹಾರುವಾಗ ಮಾತ್ರ ನಿಂಗೆ ಸಿಗೋದು ಬಣ್ಣದ ಗೀಚು.

ಫ್ಯೂಜಿ ಎಕ್ಸ್100 ಸಿಕ್ಸ್ ಬಗ್ಗೆ ಎಲ್ರೂ ಹೇಳಿಯಾಗಿದೆ. 2024 ಫೆಬ್ರವರಿಯಲ್ಲಿ ಬಂದದ್ದು, 40 ಮೆಗಾಪಿಕ್ಸೆಲ್, 35 ಮಿ.ಮೀ. ನೋಟ, ಎಫ್ 2, ಕಣ್ಣಿಟ್ಟು ನೋಡ್ಲಿಕ್ಕೆ ಸರಿಯಾದ ವ್ಯೂಫೈಂಡರ್ ಉಂಟು. ಇದರ ಹಿಂದಿನ ಮಾಡೆಲ್ಲು ಟಿಕ್‌ಟಾಕಲ್ಲಿ ಹೆಸರು ಮಾಡಿ ಅಂಗಡಿಗಳಲ್ಲಿ ಸಿಗದೇ ಹೋದದ್ದು ನಿಂಗೂ ಗೊತ್ತು. 521 ಗ್ರಾಂ ತೂಕ, ಶರ್ಟಿನ ಜೇಬು ಹರೀತದೆ, ಮಳೆಗೆ ಆಗ್ಬೇಕಾದ್ರೆ ಮುಂದೆ ಅಡಾಪ್ಟರ್ ರಿಂಗು, ಅದರ ಮೇಲೊಂದು ಫಿಲ್ಟರ್ ಬೇರೆ ತಗೊಂಡು ಹಾಕ್ಬೇಕು. ಒಂದೂವರೆ ಲಕ್ಷದ ಮೇಲಿನ ಕ್ಯಾಮೆರಾಕ್ಕೆ ಮತ್ತೆ ರೈನ್‌ಕೋಟೂ ನಾವೇ ಹೊಲಿಸ್ಬೇಕು. ನಿನ್ನ ಕೊಡೆ ಉಂಟಲ್ಲ, ಅದನ್ನೇ ಹಿಡಿ.

ಈಗ ರಿಕೋ ಜಿಆರ್ ತ್ರೀ. ಆಫೀಸಿನ ಒಬ್ಬರ ಹತ್ರ ಎರವಲು ತಂದು ಕೆಲವು ವಾರದಿಂದ ಇಟ್ಕೊಂಡಿದ್ದೇನೆ, ಅವರು ಕೇಳ್ತಾ ಇಲ್ಲ, ನಾನು ನೆನಪು ಮಾಡ್ತಾ ಇಲ್ಲ. ಬ್ಯಾಟರಿ ಸೇರಿ 257 ಗ್ರಾಂ, ಆದ್ರೆ ಒಳಗಿರೋದು ದೊಡ್ಡ ಕ್ಯಾಮೆರಾಗಳಲ್ಲಿ ಹಾಕೋ ಎಪಿಎಸ್-ಸಿ ಸೆನ್ಸರ್, ಸೋನಿಯದ್ದಕ್ಕಿಂತ ಮೂರು ಪಟ್ಟು ಜಾಗ. ಝೂಮ್ ಇಲ್ಲ, 28 ಮಿ.ಮೀ. ಅಷ್ಟೆ, ಹತ್ತಿರ ಬೇಕಂದ್ರೆ ಕಾಲಲ್ಲಿ ನಡೀಬೇಕು. ಅಷ್ಟು ಅಗಲ ಬೇಡ ಅನ್ನೋರಿಗೆ 2021ರಿಂದ 40 ಮಿ.ಮೀ. ಇರೋ ಅಣ್ಣತಮ್ಮ ಒಂದುಂಟು, ಜಿಆರ್ ತ್ರೀ ಎಕ್ಸ್ ಅಂತ. ಫ್ಲ್ಯಾಶ್ ಇಲ್ಲ. ವ್ಯೂಫೈಂಡರೂ ಇಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನ ಪರದೆಯಲ್ಲಿ ಕಾಣೋದು ನಮ್ಮದೇ ಮುಖ.

ಆದ್ರೂ ಇದರ ಒಂದು ವಿದ್ಯೆಗೆ ನಾನು ಬಿದ್ದೆ. ಸ್ನ್ಯಾಪ್ ಫೋಕಸ್ ಅಂತ. ಎರಡು ಮೀಟರ್ ಅಂತ ಮೊದಲೇ ಹೇಳಿಟ್ರೆ ಅದು ಮತ್ತೆ ಫೋಕಸ್ ಹುಡುಕ್ತಾ ಕೂರೋದೇ ಇಲ್ಲ. ಲೆನ್ಸಿನ ಕಿಂಡಿ ಸಣ್ಣ ಮಾಡಿ ಎಫ್ 8ರಲ್ಲಿ ಇಟ್ರೆ ಸುಮಾರು ಒಂದು ಮೀಟರಿಂದ ಹಿಡಿದು ರಸ್ತೆಯಾಚೆಯ ಕಟ್ಟಡದ ತನಕ ಎಲ್ಲ ಸ್ಪಷ್ಟವಾಗಿಯೇ ಇರ್ತದೆ, ನೀನು ಗುಂಡಿ ಒತ್ತಿದ್ರೆ ಸಾಕು. ಇಲ್ಲಿ ಮುಂಬೈಯಲ್ಲಿ ಸಂಜೆ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನ ಎದುರಿನ ಸಬ್‌ವೇಯಿಂದ ಜನ ಒಮ್ಮೆಲೇ ಮೇಲೆ ಬರ್ತಾರಲ್ಲ, ಅಲ್ಲಿ ನಿಂತು ಕ್ಯಾಮೆರಾವನ್ನ ಸೊಂಟದ ಹತ್ರ ಹಿಡಿದು ಒತ್ತುತ್ತಾ ಹೋಗ್ಬಹುದು, ಯಾರಿಗೂ ಪತ್ತೆಯಿಲ್ಲ, ಶಬ್ದವೂ ಇಲ್ಲ.

ಬೋರಾ ಬಜಾರ್ ಕಡೆಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಉಂಟಾ ಅಂತ ವಿಚಾರಿಸ್ಲಿಕ್ಕೆ ಹೋಗಿದ್ದೆ, ಅಂಗಡಿಯವ ಇದನ್ನೇ ಹೊಗಳಿದ, 'ಕಿಸೀಕೋ ಪತಾ ಹೀ ನಹೀ ಚಲೇಗಾ ಸಾಬ್' ಅಂತ. ಆಮೇಲೆ ಡೊಂಬಿವಲಿ ಸ್ಲೋ ಲೋಕಲ್ ಟ್ರೇನಲ್ಲಿ ಕೂತು ನೋಡಿದ್ರೆ, ಈ ಜಾತಿಯ ಕ್ಯಾಮೆರಾದ ಬಗ್ಗೆ ನಾನು ಓದಿದ ವಿಮರ್ಶೆ, ಕಂಡ ವಿಡಿಯೊ ಎಲ್ಲದರಲ್ಲೂ ಹೊಗಳಿಕೆ ಇದೇ, ಯಾರಿಗೂ ಗೊತ್ತಾಗೋದಿಲ್ಲ ಅಂತ. ಹೊಸತಲ್ಲ ಇದು. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದು ಕ್ಯಾಮೆರಾ ಕೈಯೊಳಗೆ ಹಿಡಿಯುವಷ್ಟು ಚಿಕ್ಕದಾಯ್ತು, ಫ್ರಾನ್ಸಿನ ಫೋಟೊಗ್ರಾಫರ್ ಕಾರ್ತಿಯೇ ಬ್ರೆಸಾನ್ ತನ್ನ ಲೈಕಾದ ಹೊಳೆಯೋ ಭಾಗಕ್ಕೆಲ್ಲ ಕಪ್ಪು ಟೇಪ್ ಅಂಟಿಸ್ತಿದ್ದ. ಇನ್ನೊಂದು ಕಡೆ ಜಪಾನಿನಲ್ಲಿ ಮಾರೋ ಫೋನುಗಳಲ್ಲಿ ಫೋಟೊ ತೆಗೆಯೋ ಶಬ್ದ ಮ್ಯೂಟ್ ಮಾಡ್ಲಿಕ್ಕೆ ಬಿಡೋದಿಲ್ಲ, ಕದ್ದು ತೆಗೀಬಾರ್ದು ಅಂತ. ಅದೇ ದೇಶದ ಕಂಪನಿ ಈ ಸದ್ದಿಲ್ಲದ ಜಿಆರ್ ಮಾಡೋದು. ಬುದ್ಧಿವಂತರಪ್ಪ.

ಸರಿ, ಇದನ್ನ ಹೇಳ್ಬಾರ್ದು ಅಂದ್ಕೊಂಡಿದ್ದೆ, ಹೇಳ್ತೇನೆ. ಫೋರ್ಟಿನ ಒಂದು ಗಲ್ಲಿಯಲ್ಲಿ ಹಳೇ ಹೋಟೆಲೊಂದರ ಬಾಗಿಲಲ್ಲಿ ಒಬ್ಬ ಹುಡುಗ, ಇಪ್ಪತ್ತು ಇಪ್ಪತ್ತೆರಡು ಇರ್ಬಹುದು, ಚಹಾದ ಗ್ಲಾಸುಗಳ ಜಾಳಿಗೆ ಹಿಡ್ಕೊಂಡು ಗೋಡೆಗೆ ಒರಗಿದ್ದ, ಬೆಳಕು ಒಳ್ಳೇದಿತ್ತು, ಒತ್ತಿದೆ. ಅವನಿಗೆ ಗೊತ್ತಾಯ್ತು. ನನ್ನನ್ನ ಬೈಲಿಲ್ಲ. ಒಳಗೆ ತಿರುಗಿ ಗಲ್ಲೆಯವರಿಗೆ ಹೇಳಿದ, 'ಹ್ವಾಯ್ ಕಾಣಿ, ಯಾರೋ ಫೋಟೊ ತೆಗಿತ್ರ್!' ಈಗೆಲ್ಲ ಹೋಟೆಲಲ್ಲಿ ಕೆಲ್ಸಕ್ಕೆ ನಮ್ಮ ಕಡೆಯವರು ಎಲ್ಲಿದ್ದಾರೆ ಮಾರಾಯ, ಯುಪಿಯವರೋ ನೇಪಾಳದವರೋ ಇರ್ತಾರೆ ಅಂತ ನಾನು ಗ್ರಹಿಸಿದ್ದು, ಇವನು ಕುಂದಾಪ್ರ ಕನ್ನಡದಲ್ಲಿ ಕೂಗಿದ. ಊರಿಂದ ಬಂದದ್ದಾ ಅಂತ ಒಂದು ಮಾತು ಕೇಳ್ಬಹುದಿತ್ತು. ನಾನು ಕ್ಯಾಮೆರಾ ಜೇಬಿಗೆ ಹಾಕಿ ಏನೂ ಅರ್ಥ ಆಗದವನ ಹಾಗೆ ನಡೆದುಬಿಟ್ಟೆ.

ಅಪ್ಪ ಹೇಳ್ತಿದ್ದ ಕತೆ ನೀನೂ ನಮ್ಮ ಮನೆ ಜಗಲಿಯಲ್ಲಿ ಕೇಳಿದ್ದೀಯಲ್ಲ. ಎಪ್ಪತ್ತರ ದಶಕ, ಅಪ್ಪ ಫೋರ್ಟಿನ ಹೋಟೆಲಲ್ಲಿ ಹಗಲು ಗ್ಲಾಸು ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗ್ತಿದ್ದ ಕಾಲ. ವಿಟಿ, ಅಂದ್ರೆ ಈಗಿನ ಸಿಎಸ್‌ಎಂಟಿ ಕಡೆಯಿಂದ ಬಂದ ಒಬ್ಬ ಫಾರಿನ್‌ನವ ಅಪ್ಪನನ್ನ ಬಾಗಿಲ ಹತ್ರ ನಿಲ್ಲಿಸಿ ಫೋಟೊ ತೆಗೆದದ್ದು, ಅಪ್ಪ ಒಂದು ನಿಮಿಷ ಅಂತ ಒಳಗೆ ಓಡಿ ತಲೆ ಬಾಚ್ಕೊಂಡು ಬಂದದ್ದು, ಆಮೇಲೆ ಅವನು ಹೋಟೆಲಿನ ವಿಳಾಸ ಬರ್ಕೊಂಡು ಹೋದದ್ದು, ಫೋಟೊ ಬಾರದೇ ಇದ್ದದ್ದು. ಅಪ್ಪ ನಗಾಡಿಕೊಂಡೇ ಹೇಳ್ತಿದ್ರು, ನಾವೂ ನಗಾಡ್ತಿದ್ವಿ. ನೀನಂತೂ ಚಹಾ ಮೂಗಿಗೆ ಹತ್ತಿಸ್ಕೊಂಡಿದ್ದೆ.

ನಾನು ಆ ಫೋಟೊ ಹುಡುಕ್ತೇನೆ. ನಿಜವಾಗಿಯೂ. ಹಳೇ ಬೊಂಬಾಯಿಯ ಫೋಟೊ ಎಲ್ಲಿ ಸಿಕ್ಕಿದ್ರೂ, ನೆಟ್ಟಲ್ಲಿ ಆಗ್ಲಿ, ರಸ್ತೆ ಬದಿ ರಾಶಿ ಹಾಕಿದ ಹಳೇ ಪುಸ್ತಕದಲ್ಲಿ ಆಗ್ಲಿ, ಬಸ್ಸು ಕಟ್ಟಡ ನೋಡೋದು ಬಿಟ್ಟು ಮೂಲೆಯಲ್ಲಿ ಯಾರಾದ್ರೂ ಗ್ಲಾಸು ಹಿಡ್ಕೊಂಡು ನಿಂತಿದ್ದಾರಾ ಅಂತ ದೊಡ್ಡದು ಮಾಡಿ ನೋಡ್ತೇನೆ. ತಲೆ ಬಾಚಿದವರು ಯಾರಾದ್ರೂ ಕಂಡ್ರೆ ಸ್ವಲ್ಪ ಹೊತ್ತು ನೋಡ್ತಾ ಕೂರ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆಫೀಸಲ್ಲಿ ಅಪ್ಪ ಹೋಟೆಲ್ ಲೈನಲ್ಲಿದ್ರು ಅಂತೇನೆ, ಅವರು ಮಾಲೀಕರು ಅಂತ ತಿಳ್ಕೊಳ್ತಾರೆ, ತಿಳ್ಕೊಳ್ಲಿಕ್ಕೆ ಬಿಡ್ತೇನೆ. ಹೀಗಿದ್ದವ ಎಪಿಎಸ್-ಸಿ ಸೆನ್ಸರ್ ಹಿಡ್ಕೊಂಡು ಅದೇ ಗಲ್ಲಿಯಲ್ಲಿ ಅದೇ ಗ್ಲಾಸಿನ ಜಾಳಿಗೆ ತೆಗೀಲಿಕ್ಕೆ ಹೊರಟಿದ್ದೇನೆ, ಅದೂ ಹೇಳದೆ. ಆ ಫಾರಿನ್‌ನವ ತಲೆ ಬಾಚ್ಲಿಕ್ಕಾದ್ರೂ ಬಿಟ್ಟಿದ್ದ.

ನನ್ನ ಈ ಕಾರ್ಡಿನ ಫೋಟೊಗಳನ್ನ ಮೊನ್ನೆ ಸಾಲಾಗಿ ನೋಡಿದೆ. ಹಮಾಲರು, ದಾದರ್ ಹೂವಿನ ಮಾರ್ಕೆಟ್ಟಿನ ಹೆಂಗಸರು, ಫುಟ್‌ಪಾತಲ್ಲಿ ಮಲಗಿದವರು. ದೊಡ್ಡ ಕಂಪನಿಗಳಿರೋ ಬಿಕೆಸಿಯಲ್ಲೇ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ನನ್ನ ಆಫೀಸು, ಅಲ್ಲಿ ಕಾರಿಂದ ಇಳಿಯೋ ಒಬ್ಬ ಸೂಟಿನವನ ಫೋಟೊ ಇಲ್ಲ. ಅವನ ಗಾರ್ಡು ಬಂದು ಕೇಳ್ತಾನಲ್ಲ, ಅದಕ್ಕೆ.

ಅಯ್ಯೊ, ಎಲ್ಲಿಂದ ಎಲ್ಲಿಗೆ ಹೋಯ್ತು. ನೀನು ಈಗ ಫೋನ್ ಮಾಡ್ಬೇಡ, ಮಾಡಿದ್ರೆ ನಾನು ಎತ್ತೋದಿಲ್ಲ, ಭಟ್ರ ಟಾರ್ಚಿನ ಮೇಲಾಣೆ. ಬ್ಯಾಟರಿ ವಿಷಯಕ್ಕೆ ಬರ್ತೇನೆ. ಜಿಆರ್ ತ್ರೀಗೆ ಒಂದು ಚಾರ್ಜಲ್ಲಿ ಸುಮಾರು 200 ಫೋಟೊ ಅಂತ ಕಂಪನಿಯೇ ಹೇಳ್ತದೆ, ತಿರುಗಾಟಕ್ಕೆ ಹೆಚ್ಚಿಗೆ ಬ್ಯಾಟರಿ ಎರಡಾದ್ರೂ ಬೇಕು. ಮಳೆ, ಧೂಳಿಗೆ ಸೀಲಿಂಗ್ ಇಲ್ಲ, ಲೆನ್ಸು ಹೊರಗೆ ಒಳಗೆ ಹೋಗಿ ಬರುವಾಗ ಧೂಳು ಸೆನ್ಸರಿಗೆ ಕೂರ್ತದೆ ಅನ್ನೋದು ಬಳಸುವವರ ಹಳೇ ದೂರು, ಆದ್ದರಿಂದ ಜೇಬಲ್ಲಿ ಹಾಗೇ ಹಾಕ್ಬೇಡ, ಒಂದು ಬಟ್ಟೆ ಚೀಲದಲ್ಲಿ ಹಾಕಿ ಹಾಕು. ಮಳೆಗಾಲದಲ್ಲಿ ಎಸಿ ರೂಮಿಂದ ಹೊರಗೆ ತಂದ ಕೂಡ್ಲೆ ಲೆನ್ಸಿಗೆ ಆವಿ ಕಟ್ತದೆ, ಒರೆಸ್ಬೇಡ, ಸ್ವಲ್ಪ ಹೊತ್ತು ಬಿಟ್ರೆ ಅದೇ ಹೋಗ್ತದೆ. ಹೊಸದು, ಜಿಆರ್ ಫೋರ್, 2025ರಲ್ಲಿ ಬಂದಾಗಿದೆ, ಹಾಗಾಗಿ ಹಳೇದು ಮಾರೋರು ಸಿಕ್ಕೇ ಸಿಗ್ತಾರೆ, ತಗೊಳ್ಳುವಾಗ ಎಫ್ 16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದು ಕಪ್ಪು ಚುಕ್ಕೆ ಉಂಟಾ ನೋಡು.

ನಿಂಗೆ ಜಿಆರ್ ಸಾಕು. ಆಟಕ್ಕೆ ಬೇಕಾದ್ರೆ ಚೌಕಿಗೆ ಹೋಗಿ ವೇಷ ಕಟ್ಟುವಾಗ ಕೇಳಿ ತೆಗಿ, 28 ಮಿ.ಮೀ.ಗೆ ರಂಗಸ್ಥಳಕ್ಕಿಂತ ಚೌಕಿಯೇ ಒಳ್ಳೇದು, ನಿನ್ನನ್ನ ಅಲ್ಲಿ ಹೇಗೂ ಯಾರೂ ಓಡಿಸೋದಿಲ್ಲ. ನಂಗೆ ಫ್ಯೂಜಿ ಬೇಕು ಅಂತ ಕಾಣ್ತದೆ. ಕಣ್ಣಿಗೆ ಹಿಡಿದ್ರೆ ಎದುರಿನವರಿಗೆ ಇವ ಫೋಟೊ ತೆಗೀತಾನೆ ಅಂತ ಗೊತ್ತಾಗ್ತದೆ, ಬೇಡ ಅಂದ್ರೆ ಬೇಡ ಅಂತಾರೆ, ಬೇಕು ಅಂದ್ರೆ ಕೂದಲು ಸರಿ ಮಾಡ್ಕೊಳ್ತಾರೆ. ಸ್ಟ್ರೀಟ್ ಫೋಟೊಗ್ರಫಿ ಪಂಡಿತರು ಅದು ಪೋಸ್ ಆಯ್ತು, ಸತ್ತ ಫೋಟೊ ಅಂತಾರೆ. ಅನ್ನಲಿ. ನಮ್ಮ ಕಡೆ ಸ್ಟುಡಿಯೊದಲ್ಲಿ ತೆಗೆದ ಫೋಟೊ ಎಲ್ಲ ಪೋಸೇ.

ದುಡ್ಡು ಮಾತ್ರ ಇಲ್ಲ. ನೀನು ಕೊಡೆಯ ಬಾಬ್ತು ಕೊಡ್ಬೇಕಾದದ್ದು ಬಡ್ಡಿ ಸಮೇತ ಕಳಿಸಿದ್ರೆ ಅಡಾಪ್ಟರ್ ರಿಂಗಿಗಾದ್ರೂ ಆಗ್ತದೆ.

ಮತ್ತೆ ಕೆಳಗೆ 'ಫೋನೇ ಸಾಕಲ್ವಾ ಸಾರ್' ಅಂತ ಬರೀಲಿಕ್ಕೆ ತಯಾರಾಗಿ ಕೂತವರಿಗೆ: ಹೌದು, ಸಾಕು. ಆದ್ರೆ ಇಷ್ಟುದ್ದ ಬರೆದ ಮೇಲೆ ಅದನ್ನ ಹೇಳ್ಬೇಡಿ.

ನಿನ್ನ,
ಲೈಟುಕಂಬ