ಹೈಬ್ರಿಡ್ ಎಂಜಿನ್ ಬೇಕು, ಆದರೆ ಘಾಟಿಗಲ್ಲ, ಯಾರ್ಡಿಗೆ

ಮಾನ್ಯ ಸಂಪಾದಕರೇ,

ಡೀಸೆಲ್ ಯಂತ್ರ, ದೊಡ್ಡ ಬ್ಯಾಟರಿ ಎರಡೂ ಇರುವ ಹೈಬ್ರಿಡ್ ರೈಲು ಎಂಜಿನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಓದುಗರ ಪತ್ರಗಳನ್ನು ನೋಡುತ್ತಿದ್ದೇನೆ. ಒಬ್ಬರು ಇದೆಲ್ಲ ಕಂಪನಿಗಳ ಗಿಮಿಕ್ ಎಂದಿದ್ದಾರೆ. ದೇಶದ ತುಂಬ ಕರೆಂಟ್ ತಂತಿ ಎಳೆದ ಮೇಲೆ ಇನ್ನೇಕೆ ಈ ಹೊಸ ಆಟ ಅನ್ನುವುದು ಅವರ ಪ್ರಶ್ನೆ. ಡೀಸೆಲ್ ಶೆಡ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಅವರ ಅನುಮಾನ ಹಿಡಿಸಿತು. ಅನುಮಾನ ಇರಬೇಕು. ಆದರೆ ಮೇನ್ ಲೈನಿಗೆ ಸರಿಯಾದ ಮಾತನ್ನು ಅವರು ವ್ಯಾಗನ್‌ಗಳನ್ನು ಎಳೆದು ತಳ್ಳಿ ಜೋಡಿಸುವ ಶಂಟಿಂಗ್ ಯಾರ್ಡಿಗೂ ಹಚ್ಚಿಬಿಟ್ಟಿದ್ದಾರೆ. ಅಲ್ಲಿ ಲೆಕ್ಕವೇ ಬೇರೆ.

ನಮ್ಮ ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ ಯಂತ್ರ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ಕರೆಂಟ್ ಕೆಳಗಿನ ಟ್ರಾಕ್ಷನ್ ಮೋಟರ್‌ಗಳಿಗೆ ಹೋಗುತ್ತದೆ, ಅವು ಗಾಲಿ ಓಡಿಸುತ್ತವೆ. 1962ರಲ್ಲಿ ಬಂದ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಕಾಲದಿಂದಲೂ ಹೀಗೆಯೇ. ಅಂದರೆ ಹೈಬ್ರಿಡ್‌ಗೆ ಬೇಕಾದ ಅರ್ಧ ಸಾಮಾನು ಆಗಲೇ ಇದೆ. ಇಲ್ಲದಿರುವುದು ಕರೆಂಟ್ ಕೂಡಿಡಲು ದೊಡ್ಡ ಬ್ಯಾಟರಿ. ಸ್ಟಾರ್ಟ್ ಮಾಡಲು ಇರುವ ಬ್ಯಾಟರಿ ಇದಕ್ಕೆ ಸಾಲದು.

ಆ ಬ್ಯಾಟರಿ ಇಲ್ಲದ್ದರಿಂದ ಏನು ನಷ್ಟ ಎನ್ನುವುದನ್ನು ಬ್ರಗಾಂಝಾ ಘಾಟ್‌ನಲ್ಲಿ ನೋಡಬೇಕು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ 26 ಕಿಲೋಮೀಟರ್, 37 ಅಡಿಗೆ ಒಂದು ಅಡಿ ಇಳಿಜಾರು. ಇಳಿಯುವಾಗ ಲೋಕೋ ಪೈಲಟ್ ಡೈನಮಿಕ್ ಬ್ರೇಕ್ ಹಾಕುತ್ತಾರೆ. ಆಗ ಮೋಟರ್‌ಗಳೇ ಜನರೇಟರ್ ಆಗಿ ರೈಲಿನ ವೇಗವನ್ನು ಹಿಡಿದಿಡುತ್ತವೆ. ಹುಟ್ಟಿದ ಕರೆಂಟ್ ಎಂಜಿನ್‌ನ ನೆತ್ತಿಯ ಹತ್ತಿರ ಇರುವ, ಗ್ರಿಡ್ ಎಂಬ ಲೋಹದ ಪಟ್ಟಿ‌ಗಳಿಗೆ ಹೋಗಿ ಸುಮ್ನೆ ಶಾಖವಾಗುತ್ತದೆ. ಅವನ್ನು ತಣಿಸುವ ಬ್ಲೋವರ್ ಊಳಿಡುವ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಗ್ರಿಡ್ ಮೇಲಿನ ಗಾಳಿ ಎಷ್ಟು ಕಾದಿರುತ್ತದೆ ಎಂದರೆ ಅದರ ಆಚೆಗಿನ ಮರಗಳು ನೀರಲ್ಲಿ ಕಂಡಂತೆ ಅಲುಗಾಡುತ್ತವೆ.

ಒಂದು ಒರಟು ಲೆಕ್ಕ ಹಾಕೋಣ. 3,000 ಟನ್ ತೂಕದ ರೈಲು 500 ಮೀಟರ್ ಕೆಳಗಿಳಿದರೆ ಸುಮಾರು 4,000 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಅಷ್ಟನ್ನು ಎಂಜಿನ್‌ನಲ್ಲಿ ಹುಟ್ಟಿಸಲು ಸಾವಿರ ಲೀಟರ್ ಆಚೀಚೆ ಡೀಸೆಲ್ ಸುಡಬೇಕು. ಹೊಟ್ಟೆ ಉರಿಯುತ್ತೆ, ಅಲ್ವಾ? ಹೈಬ್ರಿಡ್ ಮಾರುವವರು ಮೊದಲು ತೋರಿಸುವುದೂ ಇದನ್ನೇ.

ಅವರು ಹೇಳದೆ ಬಿಡುವ ಎರಡು ವಿಷಯಗಳಿವೆ. ಅಷ್ಟು ಶಕ್ತಿ ಹಿಡಿಸುವ ಬ್ಯಾಟರಿ ಎಲ್ಲಿದೆ ಎನ್ನುವುದು ಒಂದು. 2021ರಲ್ಲಿ ಅಮೆರಿಕದ ಬಿಎನ್‌ಎಸ್‌ಎಫ್ ರೈಲ್ವೆ ಮತ್ತು ವ್ಯಾಬ್ಟೆಕ್ ಕಂಪನಿ ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಮತ್ತು ಸ್ಟಾಕ್‌ಟನ್ ನಡುವೆ ಒಂದು ಬ್ಯಾಟರಿ ಎಂಜಿನ್ ಓಡಿಸಿ ನೋಡಿದವು. ಡೀಸೆಲ್ ಎಂಜಿನ್‌ಗಳ ಜೊತೆ ಜೋಡಿಸಿ ಮೂರು ತಿಂಗಳು ಓಡಿಸಿದಾಗ ಇಡೀ ರೈಲಿನ ಇಂಧನ ಶೇ 11ರಷ್ಟು ಉಳಿಯಿತು. ಒಳ್ಳೆಯ ಫಲಿತಾಂಶವೇ. ಆದರೆ ಆ ಇಡೀ ಎಂಜಿನ್ ತುಂಬ ಬ್ಯಾಟರಿ ತುಂಬಿದರೂ ಹಿಡಿಸಿದ್ದು 2,400 ಯೂನಿಟ್. ನಮ್ಮ ಘಾಟ್‌ನ ಒಂದು ಲೋಡ್ ರೇಕ್, ಅಂದರೆ ಸರಕು ತುಂಬಿದ ರೈಲು, ಇಳಿದರೆ ಕೆಳಗೆ ತಲುಪುವ ಮೊದಲೇ ಅದು ತುಂಬಿರುತ್ತದೆ.

ಇನ್ನೊಂದು, ಲೋಡ್ ಯಾವ ಕಡೆ ಹೋಗುತ್ತದೆ ಎನ್ನುವುದು. ಹಿಂದೆ ಬಳ್ಳಾರಿ ಕಡೆಯ ಅದಿರು ತುಂಬಿದ ರೇಕ್‌ಗಳು ಮುರ್ಮಗೋವಾ ಬಂದರಿಗೆ ಇಳಿಯುತ್ತಿದ್ದವು. ಈಗ ವಿದೇಶದ ಕಲ್ಲಿದ್ದಲು ತುಂಬಿದ ರೇಕ್‌ಗಳು ಅದೇ ಘಾಟ್ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಬರುತ್ತವೆ. ತುಂಬಿದ ರೈಲು ಹತ್ತಿ ಖಾಲಿ ವ್ಯಾಗನ್ ಇಳಿದರೆ ಬ್ರೇಕ್‌ನಿಂದ ವಾಪಸ್ ಸಿಗುವುದು ಪುಡಿಗಾಸು. ಇಳಿಜಾರು ಇದೆ ಎಂದ ಮಾತ್ರಕ್ಕೆ ಉಳಿತಾಯ ಇರುವುದಿಲ್ಲ. ಇದ್ದರೂ ತಂತಿ ಇರುವ ಕಡೆ ಡಬ್ಲ್ಯುಎಜಿ-9ರಂಥ ಕರೆಂಟ್ ಎಂಜಿನ್ ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟನ್ನು ಬ್ಯಾಟರಿಯ ಗೊಡವೆಯಿಲ್ಲದೆ ನೇರ ತಂತಿಗೇ ವಾಪಸ್ ಕೊಡುತ್ತದೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ವಿದ್ಯುದೀಕರಣ ಶೇ 99 ದಾಟಿದೆ. ಮೇನ್ ಲೈನಿಗೆ ಹೊಸದಾಗಿ ಹೈಬ್ರಿಡ್ ಕೊಳ್ಳುವುದು ದುಡ್ಡು ದಂಡ. ಇಲ್ಲಿ ನಾನು ಆ ಓದುಗರ ಪಕ್ಷ.

ಈಗ ಯಾರ್ಡಿಗೆ ಬನ್ನಿ. ಶಂಟಿಂಗ್ ಎಂಜಿನ್‌ನ ದಿನ ಹೇಗಿರುತ್ತದೆ? ನಾಲ್ಕು ವ್ಯಾಗನ್ ಎಳೆ, ನಿಲ್ಲು, ತಳ್ಳು, ಮತ್ತೆ ನಿಲ್ಲು. ಪಾಯಿಂಟ್ಸ್‌ಮನ್ ಬಾವುಟ ತೋರಿಸುವವರೆಗೆ ಕಾಯು. ಗಂಟೆಗಟ್ಟಲೆ ಐಡಲ್‌ನಲ್ಲೇ ಗುಡುಗುಡು ಅನ್ನುತ್ತಿರಬೇಕು. ಆಫ್ ಮಾಡಬಹುದಲ್ಲ ಎಂದು ಕೇಳುತ್ತೀರಿ. ಬ್ರೇಕ್‌ಗೆ ಗಾಳಿಯ ಒತ್ತಡ ಇಳಿಯಬಾರದು, ಬ್ಯಾಟರಿ ಕೂರಬಾರದು. ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗದಿದ್ದರೆ ಕಂಟ್ರೋಲ್‌ನಿಂದ ಬೈಗುಳ ತಿನ್ನುವವರು ಯಾರು? ಹಾಗಾಗಿ ಯಾರೂ ಆಫ್ ಮಾಡುವ ಉಸಾಬರಿಗೆ ಹೋಗುವುದಿಲ್ಲ. ಹೀಗೆ ಸುಮ್ಮನೆ ನಿಂತ ದೊಡ್ಡ ಎಂಜಿನ್ ಗಂಟೆಗೆ 20–25 ಲೀಟರ್ ಡೀಸೆಲ್ ಕುಡಿಯುತ್ತದೆ. ಇದನ್ನು ತಪ್ಪಿಸಲೆಂದೇ ರೈಲ್ವೆ ಹಲವು ಎಂಜಿನ್‌ಗಳಿಗೆ ಎಪಿಯು ಎಂಬ ಪುಟ್ಟ ಡೀಸೆಲ್ ಯಂತ್ರ ಕೂರಿಸಿದೆ. ದೊಡ್ಡದು ಮಲಗಿದಾಗ ಚಿಕ್ಕದು ಗಾಳಿ, ಬ್ಯಾಟರಿ ನೋಡಿಕೊಳ್ಳುತ್ತದೆ, ಗಂಟೆಗೆ ಸುಮಾರು 3 ಲೀಟರ್‌ನಲ್ಲಿ. ಹೈಬ್ರಿಡ್ ಶಂಟರ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಚಿಕ್ಕ ಡೀಸೆಲ್ ಯಂತ್ರ ಬ್ಯಾಟರಿ ತುಂಬುತ್ತಿರುತ್ತದೆ, ಎಳೆಯುವ ಆ ಒಂದೆರಡು ನಿಮಿಷದ ಜೋರು ಬ್ಯಾಟರಿಯಿಂದ ಬರುತ್ತದೆ.

ಅಲ್ಲಿಗೂ ತಂತಿ ಎಳೆದರಾಯಿತಲ್ಲ ಎನ್ನುವವರು ಒಮ್ಮೆ ಸರಕು ತುಂಬಿ ಇಳಿಸುವ ಗೂಡ್ಸ್ ಸೈಡಿಂಗ್‌ಗೆ ಹೋಗಿ ನೋಡಲಿ. ಮೇಲಿನಿಂದ ಲೋಡರ್ ಬಕೆಟ್‌ನಲ್ಲಿ ಅದಿರು ಸುರಿಯುವ ಜಾಗದಲ್ಲಿ, ಕ್ರೇನ್ ಕಂಟೇನರ್ ಎತ್ತುವ ಜಾಗದಲ್ಲಿ 25,000 ವೋಲ್ಟ್ ತಂತಿ ನೇತುಹಾಕುವುದಕ್ಕಾಗುತ್ತದೆಯೇ?

ಇದೂ ಹೊಸ ಐಡಿಯಾ ಏನಲ್ಲ. ಉತ್ತರ ಅಮೆರಿಕದಲ್ಲಿ ರೈಲ್‌ಪವರ್ ಎಂಬ ಕಂಪನಿ 'ಗ್ರೀನ್ ಗೋಟ್' ಎಂಬ ಹೈಬ್ರಿಡ್ ಶಂಟರ್ ಮಾರಿತ್ತು. 2,000 ಅಶ್ವಶಕ್ತಿಯ ಕೆಲಸಕ್ಕೆ 300 ಅಶ್ವಶಕ್ತಿಯೂ ಇಲ್ಲದ ಡೀಸೆಲ್ ಯಂತ್ರ, ಉಳಿದದ್ದಕ್ಕೆ ಲೆಡ್-ಆಸಿಡ್ ಬ್ಯಾಟರಿ. ಕೆಲವು ಎಂಜಿನ್‌ಗಳಿಗೆ ಬೆಂಕಿ ಬಿತ್ತು, 2006ರಲ್ಲಿ ವಾಪಸ್ ಕರೆಸಬೇಕಾಯಿತು, 2009ರಲ್ಲಿ ಕಂಪನಿ ದಿವಾಳಿ. 2007ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಿಇ ಕಂಪನಿ ಭರ್ಜರಿಯಾಗಿ ತೋರಿಸಿದ ಮೇನ್ ಲೈನ್ ಹೈಬ್ರಿಡ್ ಎಂಜಿನ್ ಮಾರುಕಟ್ಟೆಗೇ ಬರಲಿಲ್ಲ. ಅನುಮಾನ ಪಡುವವರ ಕೈಯಲ್ಲಿ ಇವೆರಡೂ ಇವೆ, ಸರಿ. ಆದರೆ ಜಪಾನಿನ ಸರಕು ರೈಲ್ವೆ 2010ರಲ್ಲಿ ಎಚ್‌ಡಿ300 ಎಂಬ ಹೈಬ್ರಿಡ್ ಶಂಟರ್ ಮಾಡಿಸಿ, ಲೀಥಿಯಂ ಬ್ಯಾಟರಿ ಹಾಕಿ, ಪರೀಕ್ಷೆ ಮಾಡಿ, ಆಮೇಲೆ ನಿಧಾನಕ್ಕೆ ಯಾರ್ಡುಗಳಿಗೆ ಇಳಿಸಿತು. ಐಡಿಯಾ ಅದೇ. ಬ್ಯಾಟರಿ ಬೇರೆ, ಆತುರ ಕಡಿಮೆ.

ನಮ್ಮಲ್ಲೂ ಇಂಥ ಅನುಮಾನ ಹಿಂದೆ ಬಂದಿತ್ತು. 1999ರಲ್ಲಿ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್‌ಗಳು ಅಮೆರಿಕದಿಂದ ಬಂದು ಹುಬ್ಬಳ್ಳಿ ಶೆಡ್ ಸೇರಿದಾಗ ಕಂಪ್ಯೂಟರ್ ಇರುವ ಎಂಜಿನ್ ನಮ್ಮ ಧೂಳಿಗೆ, ಮಳೆಗೆ ತಡೆಯುತ್ತದೆಯೇ ಎಂದು ಹಳಬರು ಮೂಗು ಮುರಿದಿದ್ದರು. ಡಬ್ಲ್ಯುಡಿಎಂ-2ರಂಥ ಹಳೆಯ ಆಲ್ಕೋ ಎಂಜಿನ್‌ನ ಸದ್ದು ಕೇಳಿಯೇ ಯಾವ ಸಿಲಿಂಡರ್ ಕೆಟ್ಟಿದೆ ಎನ್ನುತ್ತಿದ್ದವರಿಗೆ ಪರದೆ ನೋಡಿ ಕೆಲಸ ಮಾಡು ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಆದರೂ ಆ ಎಂಜಿನ್ ನಿಂತಿತು. ಒಪ್ಪಂದದಲ್ಲೇ ತಂತ್ರಜ್ಞಾನ ಕೊಡಬೇಕು ಎಂದಿತ್ತು, ಕೆಲವೇ ವರ್ಷಗಳಲ್ಲಿ ವಾರಾಣಸಿಯಲ್ಲೇ ಅದನ್ನು ಕಟ್ಟತೊಡಗಿದರು. ಬಿಡಿಭಾಗಕ್ಕೆ ಹಡಗಿನ ದಾರಿ ಕಾಯುವ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಶೆಡ್‌ನ ಮೂಲೆ ಸೇರುತ್ತದೆ, ಇದನ್ನು ಯಾವ ಫಿಟ್ಟರ್‌ನನ್ನು ಬೇಕಾದರೂ ಕೇಳಿ.

ಆದ್ದರಿಂದ ರೈಲ್ವೆಗೆ ನನ್ನ ಕೋರಿಕೆ ಇಷ್ಟು. ನೂರಾರು ಹೈಬ್ರಿಡ್ ಎಂಜಿನ್‌ಗೆ ಒಂದೇ ಸಲ ಆರ್ಡರ್ ಕೊಡುವುದು ಬೇಡ. ಕರಾವಳಿಯ ಒಂದು ಬಂದರು ಸೈಡಿಂಗ್, ಬಯಲುಸೀಮೆಯ ಒಂದು ಅದಿರು ಸೈಡಿಂಗ್ ಆರಿಸಿ. ಎರಡೂ ಕಡೆ ಒಂದು ಹೈಬ್ರಿಡ್ ಶಂಟರ್, ಪಕ್ಕದಲ್ಲೇ ಎಪಿಯು ಹಾಕಿದ ಒಂದು ಹಳೆಯ ಎಂಜಿನ್ ಓಡಲಿ. ಎಪಿಯು ಇಲ್ಲದ್ದರ ಜೊತೆ ಹೋಲಿಸಿ ಹೈಬ್ರಿಡ್ ಗೆದ್ದಿತು ಎನ್ನುವುದು ಮೋಸದ ಲೆಕ್ಕ. ಬ್ಯಾಟರಿ ಸೋತಾಗ ಬದಲಿಸುವ ಖರ್ಚು ಯಾರದು ಎಂದು ಟೆಂಡರ್‌ನಲ್ಲೇ ಬರೆದಿರಲಿ. ವರ್ಷ ಕಳೆದ ಮೇಲೆ ಡೀಸೆಲ್ ರಿಜಿಸ್ಟರಿನ ಲೆಕ್ಕವನ್ನು ಜನರ ಮುಂದಿಡಲಿ. ಮಳೆಗಾಲದ ನಾಲ್ಕು ತಿಂಗಳಿನದ್ದನ್ನು ಮಾತ್ರ ಬೇರೆಯಾಗಿ ತೋರಿಸಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಡೀಸೆಲ್ ಶೆಡ್ ನೌಕರ, ಹುಬ್ಬಳ್ಳಿ