ಆಯಾಮ ಒಂದೇ, ಗುಣ ಬೇರೆ

ಕೊಪ್ಪಳ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಒಂದು ಗಣದ, ಅಂದರೆ ಬಿಂದುಗಳ ಗುಂಪಿನ, ಹೌಸ್‌ಡಾರ್ಫ್ ಆಯಾಮ (ತುಂಡುಗಳು ಚಿಕ್ಕದಾದಂತೆ ಅವುಗಳ ಸಂಖ್ಯೆ ಎಷ್ಟು ಬೇಗ ಬೆಳೆಯುತ್ತದೆ ಎಂಬ ಅಳತೆ; ಗೆರೆಗೆ 1, ಚೌಕಕ್ಕೆ 2) 1 ಎಂದು ಲೆಕ್ಕ ಬಂತು, ಹಾಗಾಗಿ ಅದು ಗೆರೆಯಂಥದ್ದೇ ಎಂದು ಬರೆದು ಮುಂದೆ ಹೋಗಿದ್ದೀಯ. ಲೆಕ್ಕ ಸರಿ, ‘ಹಾಗಾಗಿ’ ತಪ್ಪು. ಅಲ್ಲೇ ನಿಲ್ಲು ತಾಯಿ, ನೀನು ಹಿಡಿದ ವಿಷಯದ ಜೀವವಿರುವುದು ಅಲ್ಲಿಯೇ.

ಒಂದು ಚೌಕವನ್ನು ಹದಿನಾರು ಸಮಚೌಕಗಳಾಗಿ ಕತ್ತರಿಸಿ ನಾಲ್ಕು ಮೂಲೆಯವನ್ನು ಮಾತ್ರ ಉಳಿಸು. ಉಳಿದ ಒಂದೊಂದಕ್ಕೂ ಹಾಗೆಯೇ ಮಾಡುತ್ತಾ ಹೋಗು. ಪ್ರತಿ ಸಲ ಚೌಕಗಳ ಸಂಖ್ಯೆ ನಾಲ್ಕು ಪಟ್ಟು, ಬಾಹು ಕಾಲು ಭಾಗ; ಆದ್ದರಿಂದ ಆಯಾಮ 1. ಕೊನೆಗುಳಿಯುವ ಧೂಳಿಗೆ ಉದ್ದವೂ ಇದೆ, ಅದು ಸೊನ್ನೆಯಲ್ಲ, ಅನಂತವೂ ಅಲ್ಲ. ಆದರೂ ಅದರ ಒಂದು ಬಿಂದುವಿನಲ್ಲೂ ಸ್ಪರ್ಶರೇಖೆ ಇಲ್ಲ. ಸೀಮಿತ ಉದ್ದದ ಯಾವ ವಕ್ರರೇಖೆಯನ್ನು ಅದರ ಮೇಲೆ ಹಾಯಿಸಿದರೂ ಸಿಕ್ಕುವ ಪಾಲಿನ ಉದ್ದ ಸೊನ್ನೆ. ಹೆಚ್ಚುಕಡಿಮೆ ಎಲ್ಲ ದಿಕ್ಕುಗಳಲ್ಲೂ ಅದರ ನೆರಳಿಗೆ ಉದ್ದವೇ ಇಲ್ಲ. ಆದರೆ ಓರೆ 1/2 ಇರುವ, ಅಂದರೆ ಎರಡು ಅಡ್ಡ ಹೋದರೆ ಒಂದು ಏರುವ, ಗೆರೆಯ ಮೇಲೆ ನೆರಳನ್ನು ಲಂಬವಾಗಿ ಬೀಳಿಸಿದರೆ ಒಂದೂ ಬಿರುಕಿಲ್ಲದ ತುಂಡು ಸಿಗುತ್ತದೆ! ಬಿಂದುಗಳ ಸ್ಥಾನವನ್ನು ಹತ್ತರ ಬದಲು ನಾಲ್ಕರ ಆಧಾರದಲ್ಲಿ ಬರೆದು, 0 ಮತ್ತು 3 ಎಂಬ ಅಂಕಿಗಳನ್ನಷ್ಟೇ ಇಟ್ಟುಕೊಂಡು ಇದನ್ನು ನೀನೇ ಸಾಧಿಸು. ಆಯಾಮ 1ರ ಗಣಗಳನ್ನು ಕ್ರಮಬದ್ಧ (ಗೆರೆಯಂಥವು), ಅಕ್ರಮ (ಈ ಧೂಳಿನಂಥವು) ಎಂದು ಗಣಿತಜ್ಞ ಬೆಸಿಕೊವಿಚ್ 1928ರಲ್ಲಿಯೇ ಬೇರ್ಪಡಿಸಿದ್ದರು.

ಗಣಿತಜ್ಞ ಕಾಕ್ ಅವರ 1904ರ ವಕ್ರರೇಖೆಯ ಕಥೆ ಬೇರೆ. ಅಲ್ಲಿ ಪ್ರತಿ ಹಂತದಲ್ಲೂ ಒಂದೊಂದು ಗೆರೆಯ ನಡುವಿನ ಮೂರನೇ ಒಂದು ಭಾಗವನ್ನು ತೆಗೆದು, ಅಷ್ಟೇ ಉದ್ದದ ಎರಡು ಗೆರೆಗಳ ಮೊನೆಯನ್ನು ಕೂರಿಸುತ್ತಾರೆ. ಅದರ ಆಯಾಮ ಸುಮಾರು 1.26, 33 ಅಡಿಯಿಂದ ಶುರು ಮಾಡಿದರೆ ಮುಂದಿನ ಹಂತಕ್ಕೆ 44 ಅಡಿ, ಹತ್ತನೆಯದಕ್ಕೆ 586. ಅದು ಗೆರೆಯಂಥದ್ದಲ್ಲ ಎಂಬ ಗುಟ್ಟನ್ನು ಅಲ್ಲಿ 1ನ್ನು ಮೀರಿದ ಆಯಾಮವೇ ಬಿಟ್ಟುಕೊಡುತ್ತದೆ. ಆಯಾಮ 1 ಇದ್ದಾಗಲೇ ಕಣ್ಣು ಚುರುಕಾಗಿರಬೇಕು.

33 ಎಂದು ಸುಮ್ಮನೆ ಬರೆಯಲಿಲ್ಲ. ನಿನ್ನ ಅಜ್ಜ ಭೂಮಾಪಕರಾಗಿದ್ದರು, ಅವರ ಸರಪಳಿ ಅಷ್ಟೇ ಉದ್ದ. ಅದರ ಚೌಕವೇ ಒಂದು ಗುಂಟೆ. ಆನೆಗೊಂದಿಯ ಕಡೆ ಬಂಡೆಗಳ ನಡುವಿನ ಹೊಲಗಳಲ್ಲಿ ಸರಪಳಿಯ ಇನ್ನೊಂದು ತುದಿಯನ್ನು ಹಿಡಿದವನು ನಾನು. ಬೆರಳಗಲ ಪಕ್ಕಕ್ಕೆ ಸರಿದರೆ ಸುಮ್ಮನಿರುತ್ತಿದ್ದರು, ಮಾರುದ್ದ ಸರಿದರೆ ಕೂಗುತ್ತಿದ್ದರು. ಕಾರಣ ತಿಳಿದದ್ದು ಪೈಥಾಗೊರಸ್ ಪ್ರಮೇಯವನ್ನು ಕಲಿತ ಮೇಲೆ. 100 ಅಡಿ ದೂರದ ಎರಡು ಗೂಟಗಳ ನಡುವಿನ ದಾರಿ ಮಧ್ಯದಲ್ಲಿ 1 ಅಡಿ ಆಚೆ ಹೋದರೆ ಹೆಚ್ಚುವುದು 0.02 ಅಡಿ; 10 ಅಡಿ ಹೋದರೆ 1.98. ಬಾಗು ಹತ್ತು ಪಟ್ಟು, ಹೆಚ್ಚಳ ಸುಮಾರು ನೂರು ಪಟ್ಟು.

ಗಣಿತಜ್ಞ ಪೀಟರ್ ಜೋನ್ಸ್ 1990ರಲ್ಲಿ ಪ್ರಕಟಿಸಿದ ಪ್ರಮೇಯದ ಬೇರು ಇದೇ. ಗಣದ ಮೇಲೆ ದೊಡ್ಡದರಿಂದ ಚಿಕ್ಕದರವರೆಗೆ ಚೌಕ ಕಿಟಕಿಗಳನ್ನಿಟ್ಟು, ಪ್ರತಿ ಕಿಟಕಿಯಲ್ಲೂ ಕಾಣುವ ಗಣದ ಪಾಲನ್ನು ಒಳಗೊಳ್ಳುವ ಅತಿ ಕಿರಿದಾದ ನೇರ ಪಟ್ಟಿಯನ್ನು ಹುಡುಕು. ಅದರ ಅಗಲವನ್ನು ಕಿಟಕಿಯ ಗಾತ್ರದಿಂದ ಭಾಗಿಸಿ ವರ್ಗ ಮಾಡು. ಗಾತ್ರದಿಂದ ಗುಣಿಸಿ ಎಲ್ಲವನ್ನೂ ಕೂಡು. ಮೊತ್ತ ಸೀಮಿತವಾಗಿದ್ದರೆ ಮಾತ್ರ ಸೀಮಿತ ಉದ್ದದ ಒಂದು ವಕ್ರರೇಖೆ ಆ ಗಣವನ್ನೆಲ್ಲ ಹಾಯಬಲ್ಲದು. ನಮ್ಮ ಚೌಕಗಳ ಧೂಳಿನಲ್ಲಿ ಪ್ರತಿ ಹಂತವೂ ಮೊತ್ತಕ್ಕೆ ಅಷ್ಟಷ್ಟೇ ಸೇರಿಸುತ್ತದೆ, ಎಂದೂ ಕಡಿಮೆಯಾಗುವುದಿಲ್ಲ.

ಕಂಪ್ಯೂಟರಿನ ಚಿತ್ರಗಳನ್ನು ಸದ್ಯಕ್ಕೆ ಬದಿಗಿಡು. ಗ್ರಾಫ್ ಹಾಳೆಯ ಮೇಲೆ ಮೂರನೆಯ ಹಂತದ 64 ಚೌಕಗಳನ್ನು ಕೈಯಿಂದಲೇ ಬರೆದು, ಗವಿಸಿದ್ಧೇಶ್ವರ ಜಾತ್ರೆಗೆ ಬರುವಾಗ ತೆಗೆದುಕೊಂಡು ಬಾ. ಅಟ್ಟದ ಮೇಲಿದ್ದ ಅಜ್ಜನ ಸರಪಳಿಯ ತುಕ್ಕು ತೆಗೆದು ನಿನಗಾಗಿ ಇಟ್ಟಿದ್ದೇನೆ.

ನಿನ್ನ ದೊಡ್ಡಪ್ಪ