ತೋಟದ ಮೇಲೆ ಸಾಲ ಮಾಡಬೇಡಿ

ಸ್ಕಾರ್‌ಬರೋ, ಟೊರಾಂಟೊ
18-2-2024, ಭಾನುವಾರ

ತೀರ್ಥರೂಪ ಅಪ್ಪಯ್ಯನವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ, ಅಲ್ಲಿ ಅಮ್ಮ, ಚಿಕ್ಕಪ್ಪ, ವಿನಾಯಕ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ಗುರುವಾರ ಕೈಸೇರಿತು. ಏಳು ತಿಂಗಳ ಬಸುರಿ ಸೊಸೆ ಹಿಮದಲ್ಲಿ ಬಸ್ಸಿಗೆ ಕಾಯುವಂತಾಯಿತಲ್ಲ ಎಂದು ಕಳವಳಪಟ್ಟು, ನಮಗೆ ಕಾರು ಕೊಡಿಸಲು ಸೊಸೈಟಿಯಲ್ಲಿ ತೋಟದ ಮೇಲೆ ಸಾಲ ತೆಗೆಯುವುದಾಗಿ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೋದ ಅಡಿಕೆಯ ನಷ್ಟವೇ ಇನ್ನೂ ತುಂಬಿಲ್ಲ.

ನಮ್ಮ ಸ್ಕಾರ್‌ಬರೋದ ನಗರ ರೈಲು ನಿಂತುಹೋಯಿತೆಂದು ವಿನಾಯಕ ಹೇಳಿದ ಸುದ್ದಿ ನಿಜ. 1985ರಲ್ಲಿ ಆರಂಭವಾದ, ಆರು ನಿಲ್ದಾಣಗಳ ಆ ಮಾರ್ಗದಲ್ಲಿ 2023ರ ಜುಲೈ 24ರಂದು ಕೊನೆಯ ಬೋಗಿ ಹಳಿ ತಪ್ಪಿ ಐವರು ಗಾಯಗೊಂಡರು. ಯಾರ ಪ್ರಾಣವೂ ಹೋಗಲಿಲ್ಲ. ಹೇಗೂ ನವೆಂಬರಿನಲ್ಲಿ ಮುಚ್ಚಬೇಕಿದ್ದ ಹಳೆಯ ಮಾರ್ಗವಾದ್ದರಿಂದ ಅದನ್ನು ಮತ್ತೆ ತೆರೆಯಲಿಲ್ಲ. ಬದಲಿಯಾಗಿ 7.8 ಕಿ.ಮೀ. ಸುರಂಗ ರೈಲಿನ ಕೆಲಸ ನಡೆದಿದೆಯಾದರೂ ಅದು ಮುಗಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಹಳೆಯ ಹಳಿಯ ಜಾಗದಲ್ಲಿ ಬಸ್ಸಿಗಷ್ಟೇ ಮೀಸಲಾದ ರಸ್ತೆ ಮಾಡಿಕೊಡಬೇಕೆಂಬುದು ಇಲ್ಲಿಯವರ ಬೇಡಿಕೆ.

ಈ ಬೇಡಿಕೆಯನ್ನೇ ಹೇಳಲು ನಾನು ಜನವರಿಯಲ್ಲಿ ನಗರಸಭೆಯ ಬಜೆಟ್ ಅಹವಾಲು ಸಭೆಗೆ ಹೋಗಿದ್ದೆ. ಮೇಯರ್ ಅಲ್ಲದೆ 25 ಸದಸ್ಯರಿರುವ ಇಲ್ಲಿಯ ಪೂರ್ಣ ಸಭೆಯಲ್ಲಿ ಸಾರ್ವಜನಿಕರು ಮಾತನಾಡುವಂತಿಲ್ಲ. ಆದರೆ ಸಮಿತಿಗಳ ಮುಂದೆ ಮೊದಲೇ ಹೆಸರು ಬರೆಸಿದ ಯಾರೇ ಆದರೂ ನಿಂತು ಕೆಲವು ನಿಮಿಷ ತಮ್ಮ ಮಾತು ಹೇಳಬಹುದು. ನನಗಿಂತ ಮೊದಲು ಗಾಲಿಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ಡಯಾಲಿಸಿಸ್‌ಗೆ ಹೋಗಿಬರುವ ಕಷ್ಟ ಹೇಳಿಕೊಂಡರು. ಬಡವರಿಗಿರುವ ರಿಯಾಯಿತಿ ಪಾಸು ಇನ್ನೂ ಹೆಚ್ಚು ಜನರಿಗೆ ಸಿಗಬೇಕೆಂದು ಹುಡುಗನೊಬ್ಬ ಕೇಳಿದ. ನನ್ನ ಸರದಿ ಬಂದಾಗ ಕೈ ನಡುಗಿತು, ಅಪ್ಪಯ್ಯ. ಬಸುರಿಯರೂ ವೃದ್ಧರೂ ನಿಲ್ಲುವ ನಿಲ್ದಾಣಗಳ ಹಿಮವನ್ನು ಬೆಳಗಾಗುವ ಮೊದಲೇ ತೆಗೆಸಬೇಕೆಂದೂ ಕೇಳಿದೆ. ಸದಸ್ಯರು ಬರೆದುಕೊಂಡರು. ಊರಿನ ಗ್ರಾಮಸಭೆಯಲ್ಲಿ ಕಾಲುಸಂಕಕ್ಕಾಗಿ ನೀವು ಎದ್ದು ನಿಲ್ಲುತ್ತಿದ್ದುದು ಆಗ ನೆನಪಾಯಿತು.

ಮೊನ್ನೆ ಬುಧವಾರ ಬಜೆಟ್ ಅಂಗೀಕಾರವಾಯಿತು. ಮನೆ ತೆರಿಗೆ 9.5% ಏರಿದೆ, ಬಸ್ಸಿನ ದರ ಮಾತ್ರ ಏರಿಲ್ಲ. ಒಮ್ಮೆ ಕೊಟ್ಟ ದರದಲ್ಲಿ ಎರಡು ಗಂಟೆ ಎಷ್ಟು ಬಸ್ಸು ಬೇಕಾದರೂ ಬದಲಿಸಬಹುದು. 12 ವರ್ಷದವರೆಗಿನ ಮಕ್ಕಳಿಗೆ ಉಚಿತ. ಹತ್ತಲು ಕಷ್ಟಪಡುವವರಿದ್ದರೆ ಚಾಲಕನು ಬಸ್ಸನ್ನೇ ಬಾಗಿಲ ಬದಿಗೆ ತಗ್ಗಿಸುತ್ತಾನೆ. ಎತ್ತು ಮಂಡಿಯೂರಿದಂತೆ ಕಾಣುವ ಅದನ್ನು ಅಮ್ಮನಿಗೊಮ್ಮೆ ತೋರಿಸಬೇಕು. ನಿಮ್ಮ ಸೊಸೆಗೆ ಇದುವರೆಗೆ ಯಾರಾದರೂ ಸೀಟು ಬಿಟ್ಟುಕೊಡದ ದಿನವಿಲ್ಲ.

ಅವಳು ಆರೋಗ್ಯವಾಗಿದ್ದಾಳೆ, ನಿಜವಾಗಿಯೂ ಆರೋಗ್ಯವಾಗಿದ್ದಾಳೆ. ರಕ್ತದೊತ್ತಡ ಸರಿಯಿದೆ, ಮಗು ಚೆನ್ನಾಗಿ ಬೆಳೆಯುತ್ತಿದೆ. ಮುಂದಿನ ತಿಂಗಳಿಂದ ಅವಳು ಕೆಲಸಕ್ಕೆ ಹೋಗುವುದಿಲ್ಲ; ಹೆರಿಗೆಯ ದಿನಕ್ಕೆ ಕೆಳಗಿನ ಮನೆಯವರು ತಮ್ಮ ಕಾರು ಸಿದ್ಧವಿಡುತ್ತೇವೆಂದು ಮಾತು ಕೊಟ್ಟಿದ್ದಾರೆ, ಟ್ಯಾಕ್ಸಿಗೂ ಹಣ ತೆಗೆದಿಟ್ಟಿದ್ದೇನೆ. ಸೊಸೈಟಿಯ ಕಾಗದಕ್ಕೆ ಸಹಿ ಹಾಕಿಲ್ಲವೆಂದು ದಯವಿಟ್ಟು ಕೂಡಲೇ ಫೋನ್ ಮಾಡಿಸಿ. ಅಮ್ಮನಿಗೆ ಬೇರೆ ಬರೆಯುತ್ತೇನೆ, ಅಂಚೆಗೆ ಹೊತ್ತಾಯಿತು.

ಇಂತಿ ನಿಮ್ಮ ಮಗ,
ಗಣಪತಿ